ಹೆವಿ ಲೈಸೆನ್ಸ್‌ಗೆ ನಾಲ್ಕೂವರೆ ತಿಂಗಳು: ನಾನು ಓಡಾಡಿದ ಕಥೆ

ಲಾರಿ ಓಡಿಸೋಕೆ ಬೇಕಾದ ಹೆವಿ ಲೈಸೆನ್ಸ್ ಒಂದೂವರೆ ತಿಂಗಳಲ್ಲಿ ಕೈಗೆ ಬರುತ್ತೆ ಅಂದಿದ್ದರು. ನನಗೆ ನಾಲ್ಕೂವರೆ ತಿಂಗಳು ಹಿಡಿಯಿತು. ಯಾರನ್ನೋ ಬೈದು ಸಮಾಧಾನ ಮಾಡಿಕೊಳ್ಳೋಣ ಅಂದರೆ ಅದಕ್ಕೂ ದಾರಿಯಿಲ್ಲ, ಯಾಕಂದ್ರೆ ಬಹುಪಾಲು ತಡ ನನ್ನಿಂದಲೇ ಆಗಿದ್ದು. ನನ್ನ ಕಾರ್ಡಿನ ಮೇಲಿದ್ದ ತಾರೀಖನ್ನು ನಾನೇ ಸರಿಯಾಗಿ ಓದಿರಲಿಲ್ಲ. ನನ್ನ ಹೆಸರಿನ ಇನಿಷಿಯಲ್ ಯಾವ ಕಾಗದದಲ್ಲಿ ಹೇಗಿದೆ ಅಂತ ನೋಡಿರಲಿಲ್ಲ. ಕಣ್ಣಂತೂ ಚೆನ್ನಾಗೇ ಇದೆ ಅಂದುಕೊಂಡಿದ್ದೆ. ಮೊನ್ನೆ ಶನಿವಾರ ಕಾರ್ಡು ಬಂತು. ಎಲ್ಲಾ ನೆನಪಿರುವಾಗಲೇ ಬರೆದಿಟ್ಟರೆ ಮುಂದೆ ಹೋಗುವವರಿಗಾದರೂ ನಾಲ್ಕು ದಿನ ಉಳಿಯಲಿ ಅಂತ ಕೂತಿದ್ದೇನೆ.

ನಾನು ಮುಳಬಾಗಿಲು ತಾಲ್ಲೂಕಿನವನು. ಒಂದು ವರ್ಷದಿಂದ ಪಿಕಪ್ ಓಡಿಸುತ್ತೇನೆ. ಸುತ್ತಮುತ್ತಲ ಹಳ್ಳಿಗಳಿಂದ ಟೊಮೇಟೊ ತುಂಬಿಕೊಂಡು ಕೋಲಾರದ ಎಪಿಎಂಸಿ ಮಂಡಿಗೆ ಹಾಕುವುದು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ಓಡಾಟ. ಅದಕ್ಕೂ ಮೊದಲು ಸೋದರಮಾವನ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಮಾವ ಇಪ್ಪತ್ತೆರಡು ವರ್ಷದಿಂದ ಲೈನ್ ಹೊಡೆಯುತ್ತಿದ್ದಾರೆ. ಕೋಲ್ಕತ್ತ, ದೆಹಲಿ, ಎಲ್ಲಿಗೆ ಲೋಡು ಸಿಕ್ಕರೆ ಅಲ್ಲಿಗೆ. ಹೋದ ವರ್ಷದಿಂದ ಅವರಿಗೆ ಕಾಲು ನೋವು. 'ಈ ಮಂಡಿಗೆ ಹೋಗಿ ಹೋಗಿ ಆ ಮಂಡಿ ಸವೆದುಹೋಯ್ತು ಕಣೋ' ಅಂತ ನಗುತ್ತಾರೆ, ಆದರೆ ಕ್ಲಚ್ ತುಳಿದಾಗ ಮುಖ ನೋಡಬೇಕು. ಎರಡನೇ ಡ್ರೈವರ್ ಇಲ್ಲದೆ ಆಗಲ್ಲ ಅನ್ನೋದು ಗೊತ್ತಾಯಿತು. ಹೊರಗಿನವರನ್ನು ಇಟ್ಟುಕೊಂಡರೆ ಸಂಬಳ, ಬತ್ತಾ, ಅದರ ಮೇಲೆ ನಂಬಿಕೆಯ ಪ್ರಶ್ನೆ. 'ನೀನೇ ಹೆವಿ ಮಾಡಿಸ್ಕೊ' ಅಂದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲರಿಗೂ ಹೆವಿ ಬೇಕಾಗಲ್ಲ. ನನ್ನ ಪಿಕಪ್‌ಗೆ ಹಳದಿ ಬೋರ್ಡು. ಹಳದಿ ಬೋರ್ಡ್ ಓಡಿಸೋಕೆ ಬೇರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕೇ ಬೇಕು ಅಂತ ಎಷ್ಟೋ ಜನ ಹೆದರಿಸಿದ್ದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ 5 ನ್ಯಾಯಮೂರ್ತಿಗಳ ಪೀಠ ಇದನ್ನು ಬಗೆಹರಿಸಿದೆ. ಗಾಡಿ ಮತ್ತು ಲೋಡು ಸೇರಿ ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಕಾರಿನ ಲೈಸೆನ್ಸೇ, ಅಂದರೆ ಎಲ್‌ಎಂವಿಯೇ ಸಾಕು. ತೂಕ ಆರ್‌ಸಿಯಲ್ಲಿ ಬರೆದಿರುತ್ತೆ, ಲೋಡು ಹಾಕದ ತೂಕ ನೋಡಬೇಡಿ, ಒಟ್ಟು ತೂಕ ನೋಡಿ. ಪಿಕಪ್ ಓಡಿಸಿಕೊಂಡೇ ಇರ್ತೀನಿ ಅನ್ನೋರು ಸುಮ್ನೆ ದುಡ್ಡು ಕಳೆಯಬೇಡಿ. ಮಾವನದು ಆರು ಚಕ್ರದ ಲಾರಿ, ಅದು ಆ ಲೆಕ್ಕವನ್ನು ಎಲ್ಲೋ ದಾಟಿದೆ. ಹಾಗಾಗಿ ನನಗೆ ಬೇರೆ ದಾರಿ ಇರಲಿಲ್ಲ.

ಮಾರ್ಚ್ ಮೊದಲ ವಾರ ಸೈಬರ್‌ಗೆ ಹೋದೆ. ಅರ್ಜಿ ಎಲ್ಲಾ ಈಗ ಪರಿವಾಹನ್ ವೆಬ್‌ಸೈಟಿನ ಸಾರಥಿಯಲ್ಲೇ ಹಾಕಬೇಕು. ಸೈಬರ್ ಹುಡುಗ ಡಿಎಲ್ ನಂಬರ್ ಹೊಡೆದ, ಹುಟ್ಟಿದ ತಾರೀಖು ಹೊಡೆದ, ವಾಹನದ ವರ್ಗದಲ್ಲಿ ಟ್ರಾನ್ಸ್‌ಪೋರ್ಟ್ ಆರಿಸಿದ (ಹೆವಿ ಬರೋದು ಅದರಡಿಯೇ), ಅರ್ಜಿ ಮುಂದಕ್ಕೇ ಹೋಗಲಿಲ್ಲ. ಕೆಂಪಕ್ಷರದಲ್ಲಿ ಏನೋ ಬಂತು. 'ಅಣ್ಣ, ನಿಮಗೆ ಒಂದು ವರ್ಷ ಆಗಿಲ್ಲ' ಅಂದ. ನನಗೆ ನಗು ಬಂತು. 2017ರಲ್ಲಿ ತಗೊಂಡ ಲೈಸೆನ್ಸ್, ಒಂದು ವರ್ಷ ಆಗಿಲ್ಲ ಅಂದ್ರೆ? ಅವನು ಕಾರ್ಡನ್ನು ತಿರುಗಿಸಿ ಹಿಂಬದಿ ತೋರಿಸಿದ. 2017 ಅನ್ನೋದು ಬೈಕಿನದು. ಎಲ್‌ಎಂವಿ ಸೇರಿಸಿದ್ದು 2024ರ ಮಾರ್ಚ್ 20ಕ್ಕೆ. ಕಾನೂನು ಕೇಳೋದು ಎಲ್‌ಎಂವಿ ಲೈಸೆನ್ಸ್ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು ಅಂತ. ಬೈಕಿನದು ಹತ್ತು ವರ್ಷ ಹಳೇದಿದ್ದರೂ ಲೆಕ್ಕಕ್ಕಿಲ್ಲ. ಒಂದು ವರ್ಷದ ಹತ್ತಿರ ಆ ಕಾರ್ಡು ನನ್ನ ಜೇಬಿನಲ್ಲಿತ್ತು, ಒಂದು ಸಲವೂ ಹಿಂದೆ ತಿರುಗಿಸಿ ನೋಡಿರಲಿಲ್ಲ.

ವಯಸ್ಸೂ ಅಷ್ಟೇ. ಕಾರಿಗೆ 18, ಟ್ರಾನ್ಸ್‌ಪೋರ್ಟ್‌ಗೆ 20 ತುಂಬಿರಬೇಕು. ಓದಿನ ವಿಷಯ ತುಂಬಾ ಜನ ಕೇಳುತ್ತಾರೆ. ಮೊದಲು ಎಂಟನೇ ಕ್ಲಾಸು ಪಾಸಾಗಿರಬೇಕು ಅಂತ ಇತ್ತು, 2019ರಲ್ಲಿ ಅದನ್ನು ತೆಗೆದುಹಾಕಿದರು. ಮಾವನ ಲಾರಿಯ ಈಗಿನ ಕ್ಲೀನರ್ ಹುಡುಗ ಐದನೇ ಕ್ಲಾಸಿಗೇ ಬಿಟ್ಟವನು. ನನಗೆ ಈ ಜನ್ಮದಲ್ಲಿ ಆಗಲ್ಲ ಬಿಡಣ್ಣ ಅಂತಿದ್ದ. ಅವನಿಗೆ ಈ ವಿಷಯ ಹೇಳಿದ ದಿನ ಆ ಹುಡುಗ ಲಾರಿ ಇಡೀ ತೊಳೆದ, ಯಾರೂ ಹೇಳದೆ.

ಸರಿ, ಎರಡು ವಾರ ಕಾದೆ. 21ನೇ ತಾರೀಖು ಮತ್ತೆ ಹೋದೆ. ಈ ಸಲ ಅರ್ಜಿ ಮುಂದೆ ಹೋಯಿತು, ದುಡ್ಡೂ ಕಟ್ಟಿದೆ, ಕಾಗದ ಎತ್ತಿಕೊಂಡು ಆರ್‌ಟಿಒ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಆಧಾರ್ ಒಂದು ಕೈಯಲ್ಲಿ, ಡಿಎಲ್ ಒಂದು ಕೈಯಲ್ಲಿ ಹಿಡಿದುಕೊಂಡು ಎರಡನ್ನೂ ನೋಡಿದರು. 'ಇವರಿಬ್ಬರೂ ನೀವೇನಾ?' ಅಂದರು.

ನಮ್ಮ ಕಡೆಯವರಿಗೆ ಈ ಕಷ್ಟ ಹೊಸದಲ್ಲ ಅಲ್ವಾ. ಸ್ಕೂಲಲ್ಲಿ ಮೇಷ್ಟ್ರು ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ ಎರಡೂ ಸೇರಿಸಿ ಬರೆದುಕೊಂಡರು. ಲೈಸೆನ್ಸಿನಲ್ಲಿ ಅದೇ ಬಂತು, ಎರಡು ಇನಿಷಿಯಲ್ ಹೆಸರಿನ ಮುಂದೆ. ಆಧಾರ್ ಮಾಡಿಸುವಾಗ ಕ್ಯಾಂಪಿನಲ್ಲಿದ್ದವನು ಅಪ್ಪನ ಪೂರ್ತಿ ಹೆಸರನ್ನು ನನ್ನ ಹೆಸರಿನ ಹಿಂದೆ ಅಂಟಿಸಿಬಿಟ್ಟ. ಬ್ಯಾಂಕಿನಲ್ಲಿ ಒಂದೇ ಇನಿಷಿಯಲ್ಲು, ಅದೂ ಕೊನೆಗೆ. ಒಟ್ಟು ಲೆಕ್ಕ ಹಾಕಿದರೆ ನಾನು ಮೂರು ಜನ. ಮೇಡಂ ಬೈಯಲಿಲ್ಲ, 'ಮೊದಲು ಡಿಎಲ್‌ನಲ್ಲಿ ಹೆಸರು ಸರಿಮಾಡಿಸಿಕೊಳ್ಳಿ, ಆಮೇಲೆ ಹೊಸ ವರ್ಗಕ್ಕೆ ಬನ್ನಿ, ಇಲ್ಲಾಂದ್ರೆ ಹೊಸ ಕಾರ್ಡಲ್ಲೂ ಇದೇ ತಪ್ಪು ಬರುತ್ತೆ' ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಆ ಹೊತ್ತಿಗೆ ನನಗೆ ಹಾಗನ್ನಿಸಲಿಲ್ಲ. ಹೊರಗೆ ಬಂದು ಹುಣಸೆ ಮರದ ಕೆಳಗೆ ಕೂತು ಎಳನೀರು ಕುಡಿದು ಅಪ್ಪನಿಗೆ ಫೋನ್ ಮಾಡಿ, ಅವರದೇನೂ ತಪ್ಪಿಲ್ಲದಿದ್ದರೂ ಅವರ ಮೇಲೆ ರೇಗಿದೆ.

ಹೆಸರು ತಿದ್ದೋಕೆ ಶುಲ್ಕ 200 ರೂಪಾಯಿ. ದುಡ್ಡು ದೊಡ್ಡದಲ್ಲ, ದಿನ ದೊಡ್ಡದು. ಅರ್ಜಿ, ದಾಖಲೆ, ಮಂಜೂರು, ಹೊಸ ಕಾರ್ಡು ಅಂತ ಒಂದು ತಿಂಗಳೇ ಹೋಯಿತು. ಹೆವಿಗೆ ಹೋಗಬೇಕು ಅಂತಿರೋರು ಇವತ್ತೇ ಆಧಾರ್, ಡಿಎಲ್, ಟಿಸಿ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಹುಟ್ಟಿದ ತಾರೀಖನ್ನೂ ನೋಡಿ. ಆಧಾರ್‌ಗೆ ಯಾವ ಮೊಬೈಲ್ ನಂಬರ್ ಸೇರಿಸಿದ್ದೀರೋ ಆ ಸಿಮ್ ಬದುಕಿರಲಿ, ಒಟಿಪಿ ಅದಕ್ಕೇ ಬರೋದು.

ಕಚೇರಿಯ ಆಚೆ ಒಬ್ಬ ಏಜೆಂಟ್ ನನ್ನ ಮುಖ ನೋಡಿಯೇ ಹತ್ತಿರ ಬಂದಿದ್ದ. ಎಲ್ಲಾ ನಾನೇ ಮಾಡಿಸ್ತೀನಿ, ಹೆವಿಗೆ ಬ್ಯಾಡ್ಜ್ ಬೇರೆ ಬೇಕು, ಅದಕ್ಕೆ 3,500 ಕೊಡು ಅಂದ. ನಾನು ಇನ್ನೇನು ಹೂಂ ಅನ್ನೋದರಲ್ಲಿದ್ದೆ. ಮಾವನಿಗೆ ಫೋನ್ ಮಾಡಿದರೆ ಅವರು ಫೋನಲ್ಲೇ ಕಿರುಚಿದರು. ಬ್ಯಾಡ್ಜ್ ಅನ್ನೋದು ಜನರನ್ನು ಕೂರಿಸಿಕೊಂಡು ಹೋಗುವ ಟ್ಯಾಕ್ಸಿ, ಆಟೋ, ಬಸ್ಸಿನವರಿಗೆ. ಟೊಮೇಟೊ ಹೊರೋನಿಗೆ ಯಾಕೆ?

ಇನ್ನು ಡಾಕ್ಟರ್ ಕಥೆ. ಟ್ರಾನ್ಸ್‌ಪೋರ್ಟ್‌ಗೆ ಫಾರಂ 1ಎ ಅಂತ ಒಂದು ಮೆಡಿಕಲ್ ಸರ್ಟಿಫಿಕೇಟ್ ಕಡ್ಡಾಯ, ರಿಜಿಸ್ಟರ್ಡ್ ಡಾಕ್ಟರ್ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಎಷ್ಟೋ ಕಡೆ ಮುಖ ನೋಡಿ ಸೀಲ್ ಒತ್ತುತ್ತಾರೆ ಅಂತ ಕೇಳಿದ್ದೆ. ನಾನು ಹೋದ ಡಾಕ್ಟರ್ ಅಂಥವರಲ್ಲ. ವಯಸ್ಸಾದವರು. ಮೊದಲು ಕೆಂಪು, ಹಸಿರು ಬಣ್ಣ ಗುರುತಿಸೋಕೆ ಹೇಳಿದರು. ಆಯ್ತು. ರಾತ್ರಿ ಕಣ್ಣು ಮಂಜಾಗುತ್ತಾ, ಮೂರ್ಛೆ ಬಂದಿದೆಯಾ, ತಲೆ ಸುತ್ತುತ್ತಾ, ಕುಡಿತ ಎಷ್ಟು ಅಂತ ಕೇಳಿದರು. ಬೆನ್ನ ಹಿಂದೆ ನಿಂತು ಪಿಸುಗುಟ್ಟಿ ನನಗೆ ಕೇಳಿಸುತ್ತಾ ಅಂತ ನೋಡಿದರು. ಆಮೇಲೆ ಕ್ಲಿನಿಕ್ಕಿನ ಬಾಗಿಲಿಗೆ ಕರೆದುಕೊಂಡು ಬಂದು, ರಸ್ತೆಯಾಚೆ ನಿಂತಿದ್ದ ಒಂದು ಆಟೋ ತೋರಿಸಿ, 'ಅದರ ನಂಬರ್ ಓದಪ್ಪ' ಅಂದರು. 25 ಮೀಟರ್ ದೂರದಿಂದ ಹಗಲು ಬೆಳಕಲ್ಲಿ ನಂಬರ್ ಪ್ಲೇಟ್ ಓದೋಕಾಗಬೇಕು ಅಂತ ಆ ಫಾರಂನಲ್ಲೇ ಇದೆ. ಕೆಎ 07 ಅಂತ ಶುರು ಮಾಡಿ ಧೈರ್ಯವಾಗಿ ಓದಿದೆ. 'ಕೊನೇ ಅಂಕಿ ಇನ್ನೊಂದು ಸಲ' ಅಂದರು. 3 ಅಂದೆ. 'ಹತ್ತಿರ ಹೋಗಿ ನೋಡಿಬಾ.' ಹೋಗಿ ನೋಡಿದೆ. 8 ಇತ್ತು.

ವಾಪಸ್ ರಸ್ತೆ ದಾಟಿ ಬರುವಾಗ ಕಾಲು ಭಾರ. ಒಂದು ವರ್ಷದಿಂದ ರಾತ್ರಿ ಹೊತ್ತು ಹೈವೇಯಲ್ಲಿ ಪಿಕಪ್ ಓಡಿಸಿದ್ದೇನೆ. ಎದುರಿಂದ ಬರುವ ಲೈಟೆಲ್ಲಾ ಚೂರು ಹರಡಿಕೊಂಡು ಕಾಣುತ್ತಿದ್ದದ್ದು ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ಡಾಕ್ಟರ್ ಸರ್ಟಿಫಿಕೇಟ್ ಕೊಡಲಿಲ್ಲ, ಕಣ್ಣಿನವರ ಹತ್ತಿರ ಕಳಿಸಿದರು. ಎರಡೂ ಕಣ್ಣಿಗೆ ಸಣ್ಣ ನಂಬರ್ ಬಂತು. ಕನ್ನಡಕಕ್ಕೆ 1,850 ರೂಪಾಯಿ. ಹಾಕಿಕೊಂಡು ಅಂಗಡಿ ಮೆಟ್ಟಿಲಿಳಿದು ನೋಡ್ತೀನಿ, ಅಂತರಗಂಗೆ ಬೆಟ್ಟದ ಒಂದೊಂದು ಬಂಡೆಯೂ ಬೇರೆ ಬೇರೆ ಕಾಣುತ್ತಿತ್ತು. ಕನ್ನಡಕ ಇದ್ದರೆ ಲೈಸೆನ್ಸ್ ಕೊಡಲ್ಲ ಅನ್ನೋದು ಸುಳ್ಳು. ಕನ್ನಡಕ ಹಾಕಿಕೊಂಡು ಓದಿದರೆ ಸಾಕು, ಡಾಕ್ಟರ್ ಅದನ್ನೇ ಬರೆದು ಸಹಿ ಹಾಕಿದರು. ಒಂದು ಸಲಹೆ: ಫಾರಂ ಮೇಲೆ ನಿಮ್ಮ ಫೋಟೋ ಅಂಟಿಸಿ, ಅದರ ಮೇಲೆ ಅರ್ಧ ಬರುವ ಹಾಗೆ ಸೀಲ್, ಡಾಕ್ಟರ ರಿಜಿಸ್ಟ್ರೇಷನ್ ನಂಬರ್, ಎರಡೂ ಇದೆಯಾ ಅಂತ ಕ್ಲಿನಿಕ್ ಬಿಡುವ ಮೊದಲೇ ನೋಡಿಕೊಳ್ಳಿ. ಮೈಮೇಲಿನ ಗುರುತಿನ ಮಚ್ಚೆಯನ್ನೂ ಬರೆಯಬೇಕು, ನನ್ನ ಎಡ ಮೊಣಕೈ ಹತ್ತಿರ ಇರೋದು ನನಗೆ ಅವತ್ತೇ ಗೊತ್ತಾಗಿದ್ದು.

ಮೇ ಮೊದಲ ವಾರ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಬಂತು. ಅದು 6 ತಿಂಗಳು ನಡೆಯುತ್ತೆ. ಆದರೆ ಬಂದ ಮಾರನೇ ದಿನವೇ ಟೆಸ್ಟ್‌ಗೆ ಹೋಗೋಕಾಗಲ್ಲ, 30 ದಿನ ಕಳೆಯಬೇಕು. ಆ 30 ದಿನ ಡ್ರೈವಿಂಗ್ ಸ್ಕೂಲು. ಬೈಕು ಕಾರಿಗೆ ನಾವೇ ಕಲಿತು ಹೋಗಬಹುದು, ಟ್ರಾನ್ಸ್‌ಪೋರ್ಟ್‌ಗೆ ಹಾಗಲ್ಲ. ಸ್ಕೂಲಿನವರು ಕೊಡುವ ಫಾರಂ 5 ಸರ್ಟಿಫಿಕೇಟ್ ಬೇಕೇ ಬೇಕು, ಅದೂ ಹೆವಿ ಕಲಿಸೋಕೆ ಅನುಮತಿ ಇರುವ ಸ್ಕೂಲಾಗಿರಬೇಕು. ಮೊದಲು ಹೋದ ಸ್ಕೂಲಿನಲ್ಲಿ ಬೋರ್ಡಿನ ಮೇಲೆ ದೊಡ್ಡ ಲಾರಿ ಚಿತ್ರ ಇತ್ತು, ಆವರಣದಲ್ಲಿ ಎರಡು ಸಣ್ಣ ಕಾರು ಬಿಟ್ಟರೆ ಏನೂ ಇರಲಿಲ್ಲ. ಲಾರಿ ಎಲ್ಲಿ ಸಾರ್ ಅಂದರೆ, 'ಅದು ಬರುತ್ತೆ' ಅಂದರು. ಎಲ್ಲಿಂದ ಬರುತ್ತೋ. ಸ್ಕೂಲಿನವರ ಹತ್ತಿರ ಫಾರಂ 11 ಅಂತ ಅವರ ಲೈಸೆನ್ಸ್ ಇರುತ್ತೆ, ಅದನ್ನ ತೋರಿಸಿ ಅಂತ ಕೇಳೋಕೆ ನಾಚಿಕೆ ಪಡಬೇಡಿ. ನಾನು ಕೇಳಿದ್ದಕ್ಕೆ ಒಂದು ಕಡೆ ಮುಖ ಸಿಂಡರಿಸಿದರು, ಇನ್ನೊಂದು ಕಡೆ ಗೋಡೆಗೇ ತಗುಲಿಹಾಕಿದ್ದನ್ನು ತೋರಿಸಿದರು. ಎರಡನೇದಕ್ಕೆ ಸೇರಿದೆ. 14,000 ರೂಪಾಯಿ, ಎರಡು ಕಂತಲ್ಲಿ.

ನಿಯಮದ ಪ್ರಕಾರ ಹೆವಿಗೆ ತರಬೇತಿ 30 ದಿನಕ್ಕಿಂತ ಕಮ್ಮಿ ಇರಬಾರದು, ಸ್ಟೇರಿಂಗ್ ಹಿಡಿಯೋ ಹೊತ್ತು 15 ಗಂಟೆ. ಅಂದರೆ ದಿನಕ್ಕೆ ಅರ್ಧ ಗಂಟೆ. ನಾವು ಒಂದು ಬ್ಯಾಚಿಗೆ ಆರು ಜನ. ಬೆಳಿಗ್ಗೆ ಆರಕ್ಕೆ ಊರಾಚೆಯ ಖಾಲಿ ಲೇಔಟಿನಲ್ಲಿ ಸೇರುವುದು. ಮೊದಲ ವಾರ ನನಗೆ ಸಿಕ್ಕಿದ್ದು ದಿನಕ್ಕೆ ಹದಿನೈದು ನಿಮಿಷ. ಯಾರು ಎಷ್ಟು ಹೊತ್ತು ಓಡಿಸಿದರು ಅಂತ ಬರೆಯೋಕೆ ಫಾರಂ 15 ಅನ್ನೋ ರಿಜಿಸ್ಟರ್ ಇದೆ, ಅದರಲ್ಲಿ ನಮ್ಮ ಸಹಿ ತಗೋಬೇಕು. ಎಂಟನೇ ದಿನ ಸಹಿ ಹಾಕಪ್ಪ ಅಂತ ಕೊಟ್ಟಾಗ ನೋಡಿದೆ, ನನ್ನ ಹೆಸರಿನ ಮುಂದೆ ದಿನಾ ಅರ್ಧ ಗಂಟೆ ಅಂತ ತುಂಬಿತ್ತು. 'ಸಾರ್, ಬಾಕಿ ಹೊತ್ತು ಕೊಟ್ಟಮೇಲೆ ಹಾಕ್ತೀನಿ' ಅಂದೆ. ಜಗಳ ಆಡಲಿಲ್ಲ, ನಗುತ್ತಲೇ ಹೇಳಿದೆ. ಅದಾದ ಮೇಲೆ ಆರೂ ಜನಕ್ಕೆ ಸರಿಯಾಗಿ ಅರ್ಧ ಗಂಟೆ ಸಿಗೋಕೆ ಶುರುವಾಯಿತು.

ಕಲಿಸೋ ಅಣ್ಣ ಮಾತ್ರ ಅಪ್ಪಟ ಗುರು. ಅರ್ಧ ಕನ್ನಡ, ಅರ್ಧ ತೆಲುಗು, ನಮ್ಮ ಕಡೆ ಮಾಮೂಲು. ಕ್ಲಚ್ ಬಿಡುವಾಗೆಲ್ಲಾ ಪಕ್ಕದಿಂದ 'ಮೆಲ್ಲಗಾ, ಮೆಲ್ಲಗಾ' ಅಂತಿದ್ದರು. ಪಿಕಪ್ ಓಡಿಸಿ ಬಂದವರಿಗೆ ಲಾರಿ ಬೇಗ ಬರುತ್ತೆ ಅಂದುಕೊಂಡಿದ್ದೆ, ಪಿಕಪ್ಪೇ ನನಗೆ ಅಡ್ಡ ಬಂದಿದ್ದು. ತಿರುವಿನಲ್ಲಿ ಪಿಕಪ್ ತಿರುಗಿಸಿದ ಹಾಗೆ ತಿರುಗಿಸಿದರೆ ಲಾರಿಯ ಹಿಂದಿನ ಚಕ್ರ ಒಳಗಡೆ ಎಳೆದುಕೊಂಡು ಚರಂಡಿ ಕಲ್ಲಿನ ಮೇಲೆ ಹತ್ತುತ್ತೆ. ಮೂತಿಯನ್ನು ತಿರುವು ದಾಟುವವರೆಗೂ ನೇರ ಒಯ್ದು ಆಮೇಲೆ ಕಡಿಯಬೇಕು. ಮೊದಲ ನಾಲ್ಕು ದಿನ ಲೇಔಟಿನ ಸೈಟು ಕಲ್ಲು ಎಷ್ಟು ಬೀಳಿಸಿದೆನೋ ದೇವರಿಗೇ ಗೊತ್ತು, ಆ ಸೈಟಿನವರು ನನ್ನನ್ನು ಕ್ಷಮಿಸಲಿ. ರಿವರ್ಸ್‌ನಲ್ಲಿ ಹಿಂದಿನ ಗಾಜು ಅನ್ನೋದೇ ಇಲ್ಲ, ಎರಡು ಕನ್ನಡಿಯೇ ಕಣ್ಣು.

ಅದರ ಮಧ್ಯೆ ದುಡಿಮೆ. ಬೆಳಿಗ್ಗೆ ಆರರಿಂದ ಒಂಬತ್ತೂವರೆ ಸ್ಕೂಲಲ್ಲಿ ಹೋದರೆ ಮಂಡಿಯ ಮೊದಲ ಲೋಡು ತಪ್ಪುತ್ತಿತ್ತು. ಟೊಮೇಟೊ ಕಾಯಲ್ಲ. ನಮ್ಮೂರಿನ ಇಬ್ಬರು ರೈತರು ಬೇರೆ ಗಾಡಿಗೆ ಹೋದರು, ಹೋಗಬೇಡಿ ಅನ್ನೋಕೆ ನನಗೆ ಬಾಯಿಲ್ಲ. 15 ಕೆಜಿ ಕ್ರೇಟಿನ ಬಾಡಿಗೆ ಲೆಕ್ಕ ಹಾಕಿದರೆ ಆ ತಿಂಗಳು ಕಳೆದುಕೊಂಡಿದ್ದೇ ಸ್ಕೂಲ್ ಫೀಸಿನಷ್ಟು.

ಟೆಸ್ಟ್ ಸ್ಲಾಟ್ ಜೂನ್ 20ಕ್ಕೆ ಸಿಕ್ಕಿತು. ಗಾಡಿ ಸ್ಕೂಲಿನದೇ. ಅವತ್ತು ಸಾಲಿನಲ್ಲಿ ಮೊದಲನೆಯವನು ನಾನು. ಹತ್ತಿ ಕೂತೆ, ಸೀಟ್ ಬೆಲ್ಟ್ ಹಾಕಿದೆ, ಕನ್ನಡಿ ಸರಿಮಾಡಿಕೊಂಡೆ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು 'ಹೊರಡಿ' ಅಂದರು. ಸ್ಟಾರ್ಟ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರ್ ಹಾಕಿ ಕ್ಲಚ್ ಬಿಟ್ಟೆ. ಲಾರಿ ಅಲುಗಲಿಲ್ಲ. ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಎಲ್ಲೋ ಕುಂಯ್ ಅಂತ ಒಂದು ಸದ್ದು ಬರುತ್ತಲೇ ಇತ್ತು, ನನಗೆ ಅದು ಕೇಳಿಸುತ್ತಿತ್ತು, ಆದರೆ ತಲೆಗೆ ಹೋಗುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಏನೂ ಮಾತಾಡದೆ ಬೆರಳಲ್ಲಿ ಡ್ಯಾಶ್‌ಬೋರ್ಡಿನ ಗೇಜು ತೋರಿಸಿದರು. ಗಾಳಿಯ ಮುಳ್ಳು ತಳದಲ್ಲಿ ಮಲಗಿತ್ತು.

ಲಾರಿ ಬ್ರೇಕು ಗಾಳಿಯದು. ಟ್ಯಾಂಕಿನಲ್ಲಿ ಗಾಳಿ ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಚಕ್ರವನ್ನು ಹಿಡಿದುಕೊಂಡೇ ಇರುತ್ತೆ, ಹ್ಯಾಂಡ್‌ಬ್ರೇಕ್ ಬಿಟ್ಟರೂ ಬಿಡಲ್ಲ. ಎಂಜಿನ್ ಓಡಿ ಗಾಳಿ ತುಂಬಿದ ಮೇಲೇ ಬಿಡೋದು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಕ್ಲೀನರ್ ಆಗಿದ್ದವನು. ಆದರೆ ಸ್ಕೂಲಲ್ಲಿ 30 ದಿನವೂ ನಾವು ಹೋಗೋ ಹೊತ್ತಿಗೆ ಆ ಅಣ್ಣ ಲಾರಿ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರುತ್ತಿದ್ದರು. ಒಂದು ದಿನವೂ ನಾನು ಖಾಲಿ ಗಾಳಿಯಿಂದ ಶುರು ಮಾಡಿರಲಿಲ್ಲ. ಟೆಸ್ಟಿನ ದಿನ ಲಾರಿ ಹಿಂದಿನ ಸಂಜೆಯಿಂದ ಅಲ್ಲೇ ನಿಂತಿತ್ತು, ರಾತ್ರಿಯೆಲ್ಲಾ ಸಣ್ಣಗೆ ಗಾಳಿ ಇಳಿದುಹೋಗಿತ್ತು. ನಾಲ್ಕು ನಿಮಿಷ ಎಂಜಿನ್ ಓಡಿಸುತ್ತಾ ಇಬ್ಬರೂ ಸುಮ್ಮನೆ ಕೂತಿದ್ದೆವು. ಅಷ್ಟು ಉದ್ದದ ನಾಲ್ಕು ನಿಮಿಷ ನಾನು ಕಂಡಿಲ್ಲ. ಗಾಳಿ ತುಂಬಿತು, ನನ್ನ ಧೈರ್ಯ ಇಳಿದಿತ್ತು. ಮುಂದೆ ಹೋಗಿದ್ದು ಸರಿಯಾಯಿತು, ಏರಿನಲ್ಲಿ ನಿಲ್ಲಿಸಿ ಹೊರಟಿದ್ದೂ ಪರವಾಗಿಲ್ಲ, ರಿವರ್ಸ್‌ನಲ್ಲಿ ಎಡಗಡೆಯ ಕೋನ್ ಮೇಲೆ ಹಿಂದಿನ ಚಕ್ರ ಹತ್ತಿತು. ಫೇಲ್.

ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ. ಅಮ್ಮ ತಟ್ಟೆ ಇಟ್ಟು, 'ಆಗಲಿಲ್ವಾ?' ಅಂದರು. ಹೂಂ ಅಂದೆ. 'ಒಳ್ಳೇದೇ ಆಯ್ತು ಬಿಡು' ಅಂದರು. ಅಮ್ಮನಿಗೆ ಮೊದಲಿಂದ ಲಾರಿ ಇಷ್ಟ ಇಲ್ಲ. ಅಣ್ಣ ಮನೆ ಬಿಟ್ಟು ವಾರಗಟ್ಟಲೆ ಹೋಗುತ್ತಿದ್ದದ್ದನ್ನು ತಂಗಿಯಾಗಿ ನೋಡಿದವರು, ಮಗನನ್ನೂ ಅದಕ್ಕೇ ಕಳಿಸೋಕೆ ಅವರಿಗೆ ಮನಸ್ಸು ಬರುತ್ತಿಲ್ಲ. ಆ ಮಾತಿಗೆ ಕೋಪ ಬಂತು. ಆದರೆ ಊಟ ಮಾಡಿದೆ.

ಫೇಲಾದರೆ ಏನೂ ಮುಳುಗಿ ಹೋಗಲ್ಲ. 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು, ಟೆಸ್ಟಿನ ಶುಲ್ಕ 300 ಮತ್ತೆ ಕಟ್ಟಬೇಕು. ಮೂರು ಸಲ ಫೇಲಾದರೆ ಮಾತ್ರ 60 ದಿನ ಕಾಯಬೇಕಾಗುತ್ತೆ. ಎಲ್‌ಎಲ್‌ಆರ್‌ನ 6 ತಿಂಗಳು ಮುಗಿಯದ ಹಾಗೆ ಮಾತ್ರ ನೋಡಿಕೊಳ್ಳಿ. ಮಧ್ಯದ ದಿನಗಳಲ್ಲಿ ನಾನು ಮಾವನ ಲಾರಿ ಹತ್ತಿರ ಹೋಗಿ, ಅವರು ಪಕ್ಕದಲ್ಲಿ ಕೂತು, ಖಾಲಿ ಜಾಗದಲ್ಲಿ ಬರೀ ರಿವರ್ಸ್ ಹೊಡೆದೆ. ಕೋನ್ ಬದಲು ಖಾಲಿ ಟೊಮೇಟೊ ಕ್ರೇಟು. ಎರಡು ಕ್ರೇಟು ಒಡೆದೆ, ಮೂರನೇ ದಿನದಿಂದ ಒಡೆಯಲಿಲ್ಲ.

ಜುಲೈ 4ಕ್ಕೆ ಎರಡನೇ ಟೆಸ್ಟ್. ಈ ಸಲ ಹತ್ತುವ ಮೊದಲೇ ಲಾರಿಯನ್ನು ಒಂದು ಸುತ್ತು ಹಾಕಿದೆ. ಟೈರ್ ನೋಡಿದೆ, ಕೆಳಗೆ ಎಣ್ಣೆ ಸೋರಿದೆಯಾ ಅಂತ ಬಗ್ಗಿ ನೋಡಿದೆ, ಲೈಟ್ ನೋಡಿದೆ. ಹತ್ತಿ ಸ್ಟಾರ್ಟ್ ಮಾಡಿ ಕೈ ಕಟ್ಟಿ ಕೂತೆ. ಬೇರೆ ಇನ್‌ಸ್ಪೆಕ್ಟರು. 'ಯಾಕ್ರಿ ಹೊರಡಲ್ವಾ?' ಅಂದರು. 'ಗಾಳಿ ತುಂಬಲಿ ಸಾರ್' ಅಂದೆ. ಅವರು ನನ್ನ ಕಡೆ ತಿರುಗಿ ನೋಡಿದರು, ಏನೂ ಅನ್ನಲಿಲ್ಲ. ರಿವರ್ಸ್ ಹೊಡೆದು ನಿಲ್ಲಿಸಿದಾಗ ಎಡಗಡೆ ಕನ್ನಡಿಯಲ್ಲಿ ಕೋನ್ ನಿಂತೇ ಇತ್ತು. ಇಳಿದ ಮೇಲೆ ಅವರು ಅಂದಿದ್ದು ಒಂದೇ ಮಾತು, 'ಮುಂದಿನವರು ಬನ್ನಿ.' ಪಾಸೋ ಫೇಲೋ ಗೊತ್ತಾಗದೆ ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದೆ, ಮೊಬೈಲಿಗೆ ಮೆಸೇಜ್ ಬಂದಮೇಲೆ ಗೊತ್ತಾಯಿತು.

ಕಾರ್ಡು ಬರೋಕೆ ಮುಂಚೆಯೇ ಡಿಜಿಲಾಕರ್‌ನಲ್ಲಿ ಹೊಸ ವರ್ಗ ಕಾಣಿಸಿತು. ಪೊಲೀಸರು ಕೇಳಿದಾಗ ಅದನ್ನು ತೋರಿಸಿದರೂ ನಡೆಯುತ್ತೆ, ಕಾರ್ಡಿನಷ್ಟೇ ಬೆಲೆ ಅದಕ್ಕೂ ಇದೆ. ಕಾರ್ಡು ಸ್ಪೀಡ್ ಪೋಸ್ಟಲ್ಲಿ ಬಂತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ವಾಪಸ್ ಹೋಗುತ್ತೆ, ಪೋಸ್ಟ್‌ಮ್ಯಾನ್‌ಗೆ ಮೊದಲೇ ಒಂದು ಮಾತು ಹೇಳಿಡಿ.

ಖರ್ಚಿನ ಲೆಕ್ಕ ಕೇಳೋರಿಗೆ: ಸರ್ಕಾರಕ್ಕೆ ಕಟ್ಟಿದ್ದು ನಿಜಕ್ಕೂ ಕಮ್ಮಿ. ಎಲ್‌ಎಲ್‌ಆರ್‌ಗೆ ಒಂದು ವರ್ಗಕ್ಕೆ 150, ಟೆಸ್ಟ್‌ಗೆ 300, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸೋಕೆ 500, ಕಾರ್ಡಿನದು ಬೇರೆ. ನಾನು ಎರಡು ಸಲ ಟೆಸ್ಟ್ ಕೊಟ್ಟೆ, ಹೆಸರು ತಿದ್ದಿಸಿದೆ, ಎಲ್ಲಾ ಸೇರಿದರೂ ಎರಡು ಸಾವಿರದೊಳಗೇ. ಉಳಿದಿದ್ದೆಲ್ಲಾ ಸ್ಕೂಲು, ಕನ್ನಡಕ, ಡಾಕ್ಟರ್ ಫೀಸು, ಓಡಾಟ, ಮಂಡಿಯಲ್ಲಿ ತಪ್ಪಿದ ಲೋಡು. ಅದನ್ನು ಕೂಡಿಸಿ ನೋಡೋಕೆ ಹೋಗಲಿಲ್ಲ, ನಿದ್ದೆ ಬರಲ್ಲ.

ಕಾರ್ಡು ಬಂದ ಮೇಲೆ ಮೊದಲು ಮಾಡಿದ ಕೆಲಸ ಹಿಂದೆ ತಿರುಗಿಸಿ ಓದಿದ್ದು. ಎರಡು ತಾರೀಖು ಇವೆ. ಬೈಕು ಕಾರಿನದು ಒಂದು, ಟ್ರಾನ್ಸ್‌ಪೋರ್ಟಿನದು ಇನ್ನೊಂದು. ಟ್ರಾನ್ಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತೆ, 2019ರ ತಿದ್ದುಪಡಿಗೆ ಮೊದಲು ಅದು 3 ವರ್ಷ ಇತ್ತು. ಮುಗಿಯೋಕೆ ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಹಾಕಬಹುದು, ಪ್ರತಿ ಸಲವೂ ಫಾರಂ 1ಎ ಬೇಕು. ಮುಗಿದ ಮೇಲೆ 30 ದಿನ ನಡೆಯುತ್ತೆ ಅಂತ ಹಳೇ ಡ್ರೈವರ್‌ಗಳು ಈಗಲೂ ಹೇಳುತ್ತಾರೆ. ಆ ರಿಯಾಯಿತಿ ಈಗಿಲ್ಲ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟೇ ಕೊಡಬೇಕು. ಮುಗಿದ ಲೈಸೆನ್ಸಿನಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿಯವರು ಮೊದಲು ನೋಡೋದೇ ಆ ತಾರೀಖನ್ನ. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ, ಐದು ವರ್ಷ ಆ ಮೊಬೈಲ್ ಇರಲ್ಲ ಅಂತ ಮನೆಯ ಗೋಡೆ ಮೇಲೂ ಬರೆದಿದ್ದೇನೆ.

ದೇವನಗೊಂದಿ ಡಿಪೋದಿಂದ ಪೆಟ್ರೋಲ್ ಟ್ಯಾಂಕರ್ ಓಡಿಸೋಣ, ಅಲ್ಲಿ ದುಡ್ಡು ಜಾಸ್ತಿ ಅಂತ ನನ್ನ ಜೊತೆ ಕಲಿತ ಹುಡುಗನೊಬ್ಬ ಹಾರಾಡುತ್ತಿದ್ದ. ಅದಕ್ಕೆ ಹೆವಿ ಒಂದೇ ಸಾಲದು. ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದನ್ನು ಸೇರಿಸಬೇಕು, ಅದರ ಅವಧಿ 3 ವರ್ಷ ಮಾತ್ರ. ಜೊತೆಗೆ ಇಂಗ್ಲಿಷ್ ಓದಿ ಬರೆಯೋಕೂ ಬರಬೇಕು. ಅಲ್ಲಿಗೆ ಅವನ ಹಾರಾಟ ಅರ್ಧ ನಿಂತಿತು.

ಲೈಸೆನ್ಸ್ ಬಂದ ತಕ್ಷಣ ಯಾರೂ ಲಾರಿ ಕೀ ಕೈಗೆ ಕೊಡಲ್ಲ ಅನ್ನೋದೂ ತಿಳಿದಿರಲಿ. ಮಂಡಿಯ ಹತ್ತಿರ ಇಬ್ಬರು ಓನರ್‌ಗಳನ್ನು ಸುಮ್ನೆ ಕೇಳಿ ನೋಡಿದೆ. 'ಯಾವ ಲೈನ್ ಹೊಡೆದಿದ್ದೀಯಾ?' ಅನ್ನೋದೇ ಮೊದಲ ಪ್ರಶ್ನೆ. ನನಗೆ ಮಾವ ಇದ್ದಾರೆ, ಇಲ್ಲದವರು ವರ್ಷವಾದರೂ ಎರಡನೇ ಡ್ರೈವರ್ ಆಗಿ ಕೂರಬೇಕಾಗುತ್ತೆ.

ಸೋಮವಾರ ರಾತ್ರಿ ವಿಜಯವಾಡಕ್ಕೆ ಲೋಡು. ಮುಳಬಾಗಿಲು ದಾಟೋವರೆಗೆ ನಾನು, ನಂಗಲಿಯಿಂದಾಚೆ ಘಾಟಿನಲ್ಲಿ ಮಾವ, ಬೆಳಗಾದ ಮೇಲೆ ಮತ್ತೆ ನಾನು ಅಂತ ಮಾತಾಗಿದೆ. ಅಮ್ಮ ನಿನ್ನೆಯಿಂದ ಮಾತು ಕಮ್ಮಿ ಮಾಡಿದ್ದಾರೆ, ಆದರೆ ಇವತ್ತು ಬೆಳಿಗ್ಗೆ ಹುರಳಿ ಚಟ್ನಿಪುಡಿ ಕುಟ್ಟುತ್ತಿದ್ದರು. ಒಂದು ಡಬ್ಬಿ ಅಲ್ಲ, ಎರಡು.